ಅಂಟಿನ ಮೇಜಿಗೆ ಮನೆಯಿಂದ ಒಬ್ಬರು

ನಮ್ಮ ಆಂಬೂರಿನ ಶೂ ಕಾರ್ಖಾನೆಯಲ್ಲಿ ಅಂಟಿನ ಮೇಜಿಗೆ ಗಂಡಸರನ್ನು ಕೂರಿಸುವುದಿಲ್ಲ. ಹೆಂಗಸರ ಕೈ ಸೂಕ್ಷ್ಮವಂತೆ. ನಮ್ಮ ಮೂಗು ಮಾತ್ರ ಯಾರ ಲೆಕ್ಕಕ್ಕೂ ಇಲ್ಲ. ನಾನು, ಅಂಜುಗಂ ಅಕ್ಕಪಕ್ಕ ಕೂತು ದಿನವಿಡೀ ಅಟ್ಟೆಗೆ ಅಂಟು ಬಳಿಯುತ್ತೇವೆ. ಮಧ್ಯಾಹ್ನಕ್ಕೆ ತಲೆ ಗಿರ್ರೆನ್ನುತ್ತದೆ. ಬುತ್ತಿಯ ಮೊಸರನ್ನಕ್ಕೂ ಅದೇ ವಾಸನೆ.

ಮದುವೆಯಾಗಿ ನಾಲ್ಕು ವರ್ಷವಾದರೂ ಅಂಜುಗಂಗೆ ಮಕ್ಕಳಿಲ್ಲ. ಈಚೆಗೆ ಮುಟ್ಟೂ ನಿಂತುಹೋಗಿತ್ತು. ಅವಳ ಅತ್ತೆ ಪಾಪಾತ್ತಿಗೆ ಊರಿನ ಎಲ್ಲ ಅತ್ತೆಯರಂತೆ ಒಂದೇ ಮದ್ದು ಗೊತ್ತು: ಖಾಲಿ ಹೊಟ್ಟೆಗೆ ಹೆಬ್ಬೇವಿನ ಎಲೆಯ ರಸ. ಮುಟ್ಟಾದ ದಿನಗಳಲ್ಲಿ ಕುಡಿಯಬೇಕಾದ್ದು. ಮುಟ್ಟೇ ಆಗದವಳು ಯಾವಾಗ ಕುಡಿಯಬೇಕು? ದಿನಾ ಕುಡಿ ಎಂದಳು ಪಾಪಾತ್ತಿ. ಎಲೆ ತರುತ್ತಿದ್ದದ್ದು ತೊಗಲು ಹದಮಾಡುವ ಕಾರ್ಖಾನೆಯ ಕೊಳಚೆ ಕಾಲುವೆ ಪಕ್ಕದಿಂದ. ಊರಿಗೆಲ್ಲ ಹಚ್ಚಹಸಿರಾದ ಮರ ಅದೊಂದೇ.

ಅಂಜುಗಂಗೆ ವಾಂತಿ ಶುರುವಾದಾಗ ಪಾಪಾತ್ತಿ ಹಿಗ್ಗಿ ಹೀರೇಕಾಯಾಗಿ ಕೇರಿಗೆಲ್ಲ ಸಕ್ಕರೆ ಹಂಚಿದಳು. ಬಸಿರೂ ಇಲ್ಲ, ಮಣ್ಣೂ ಇಲ್ಲ. ನನಗೆ ತಡೆಯಲಾಗದೆ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಅಂಟಿನ ಕೆಲಸ, ಎಲೆಯ ರಸ ಎಲ್ಲ ಕೇಳಿಕೊಂಡು, ರಕ್ತಪರೀಕ್ಷೆ ನೋಡಿ, "ಅಂಡಾಶಯದಲ್ಲಿ ಹಾರ್ಮೋನು ಸರಿಯಾಗಿ ಹುಟ್ತಿಲ್ಲಮ್ಮ. ಅಂಟಿನ ಹಬೆ ಅದನ್ನ ಕೆಡಿಸಿರಬಹುದು. ಕಾಲುವೆ ವಿಷ ಆ ಎಲೆಗೂ ಏರಿರಬಹುದು. ಎಲೆಗೇ ಹಾರ್ಮೋನನ್ನ ಏರಿಳಿಸೋ ಗುಣ ಇದ್ರೂ ಇರಬಹುದು, ನಿಂಗೆ ಒಳ್ಳೇದಾಗ್ತಿದ್ಯೋ ಕೆಟ್ಟದ್ದೋ ಯಾರು ಬಲ್ಲರು? ಇದರಿಂದಲೇ ಅಂತ ಆಣೆ ಇಟ್ಟು ಹೇಳಲಾರೆ. ಆರು ತಿಂಗಳು ಎರಡನ್ನೂ ಬಿಡು. ತಡ ಮಾಡಿದ್ರೆ ಕಷ್ಟ," ಎಂದರು.

ಪಾಪಾತ್ತಿ ಕೇಳಿ ಮೂಗು ಮುರಿದಳು. "ವಾಸ್ನೆಗೆ ಬಸಿರು ನಿಲ್ಲಲ್ವಂತೆ! ನಾನು ತೊಗಲು ತುಳಿದು ನಾಲ್ಕು ಹೆತ್ತಿಲ್ವಾ? ಮೈಗಳ್ಳಿಗೆ ಒಂದು ಪಿಳ್ಳೆನೆವ."

ಆದರೂ ಅಂಜುಗಂ ಬೇರೆ ಕೆಲಸಕ್ಕೆ ಹಾಕಿ ಎಂದು ಸೂಪರ್‌ವೈಸರ್ ದುರೈರಾಜನನ್ನು ಕೇಳಿದಳು.

"ಪ್ಯಾಕಿಂಗ್‌ಗೆ ಹೋಗಮ್ಮಾ, ಬೇಡ ಅಂದೋರ್ಯಾರು?" ಎಂದ. "ಸೋಮವಾರ ನಿನ್ನ ಜಾಗಕ್ಕೆ ಮನೆಯಿಂದ ಯಾರನ್ನಾದ್ರೂ ಕರ್ಕೊಂಡ್ ಬಾ."

ನಮ್ಮಲ್ಲಿ ಅದೇ ಪದ್ಧತಿ. ಅಂಟಿನ ಮೇಜಿನಿಂದ ಎದ್ದವಳು ತನ್ನ ಮನೆಯವಳನ್ನೇ ಅಲ್ಲಿ ಕೂರಿಸಬೇಕು.

ಅಂಜುಗಂ ನಾದಿನಿ ಕಯಲ್‌ವಿಳಿ ಓದು ಮುಗಿಸಿ ಮನೆಯಲ್ಲೇ ಇದ್ದಳು. ಭಾನುವಾರ ನಾನೂ ಅವರ ಮನೆಗೆ ಹೋದೆ. ಪಾಪಾತ್ತಿ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಅಂಜುಗಂ ಹೆದರುತ್ತಲೇ ವಿಷಯ ತೆಗೆದಳು.

"ನಾನು ಹೋಗ್ತೀನಿ ಅತ್ತಿಗೆ!" ಎಂದು ಕಯಲ್‌ವಿಳಿ ಕುಣಿದಳು.

"ಬಾಯ್ಮುಚ್ಚೇ!" ಪಾಪಾತ್ತಿ ಸೊಪ್ಪಿನ ಮೊರವನ್ನೇ ತಳ್ಳಿಬಿಟ್ಟಳು. "ಮದ್ವೆ ಆಗ್ಬೇಕಾದ ಹುಡುಗಿ ನೀನು. ನಾಳೆ ಹೆರೋದು ಬೇಡ್ವಾ?"

ಅಂಜುಗಂ ಗಂಡ ಮುನಿರತ್ನಂ ಟಿವಿಯಿಂದ ಕಣ್ಣು ಕೀಳಲಿಲ್ಲ.

"ಅಂದ್ರೆ ಅತ್ತೆ, ನಿಮ್ಗೆ ಗೊತ್ತಿತ್ತು," ಎಂದಳು ಅಂಜುಗಂ, ಮೆಲ್ಲಗೆ.

ಪಾಪಾತ್ತಿ ಚೆಲ್ಲಿದ ಸೊಪ್ಪು ಬಾಚತೊಡಗಿದಳು. ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಮಗಳದ್ದು ಹೊಟ್ಟೆ, ಇವಳದ್ದೇನು ತಗಡಾ?" ಎಂದೆ. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಸೋಮವಾರ ಅಂಜುಗಂ ಒಬ್ಬಳೇ ಬಂದಳು. ನನ್ನ ಪಕ್ಕ ಕೂತು ಅಂಟಿನ ಡಬ್ಬದ ಮುಚ್ಚಳ ತೆಗೆದಳು.

"ಯಾಕಮ್ಮಾ, ಮನೇಲಿ ಯಾರೂ ಇಲ್ವಾ?" ದುರೈರಾಜ್ ಕೇಳಿದ.

"ಇದ್ದಾರೆ ಸಾರ್," ಅಂದಳು. "ಅವರು ಮಕ್ಕಳು ಹೆರಬೇಕಾದೋರು."