ಒಂದು ದಿನ ಬಿಟ್ಟು ಒಂದು ದಿನ

ಇಳಕಲ್ಲಿನ ಸಭಾಭವನದಲ್ಲಿ ಅಂದು ಫರಹಾನಾಳನ್ನು ಹೊಗಳಿ ಅಟ್ಟಕ್ಕೇರಿಸಿದ್ದರು. ಓಣಿಯ ಹುಡುಗಿ ಗಣಿತದಲ್ಲಿ ಡಾಕ್ಟರೇಟ್ ಮಾಡಿದ್ದಾಳೆ, ಅದೂ ಕ್ಯಾನ್ಸರಿನ ಲೆಕ್ಕದಲ್ಲಿ ಎಂದರೆ ಸಣ್ಣ ಮಾತೇ? ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಮೈಕು ಅವಳ ಕೈಗೆ ಬಂತು. ಮುಂದಿನ ಸಾಲಿನಲ್ಲಿ ಪಕ್ಕದ ಮನೆಯ ಲಕ್ಕವ್ವ ಕೂತಿದ್ದಳು. ಫರಹಾನಾ ಆಡಿ ಬೆಳೆದದ್ದೇ ಕಾಕು ಎಂದು ಕರೆಯುವ ಈ ಲಕ್ಕವ್ವನ ಮಗ್ಗದ ಪಕ್ಕದಲ್ಲಿ. ಈಗ ಕಾಕುವಿಗೆ ರಕ್ತದ ಕ್ಯಾನ್ಸರ್. ದಿನಕ್ಕೊಂದು ಗುಳಿಗೆ ನುಂಗಿ, ರೋಗವನ್ನು ಮೂಲೆಗೆ ಕೂರಿಸಿ, ಗಟ್ಟಿಯಾಗಿ ಓಡಾಡಿಕೊಂಡಿದ್ದಳು.

“ಹತ್ತಿ ಹೊಲಕ್ಕ ಎಣ್ಣಿ ಹೊಡದು ಹೊಡದು ಏನಾಗೇತಿ ಹೇಳ್ರಿ?” ಎಂದು ಫರಹಾನಾ ಶುರು ಮಾಡಿದಳು. “ಎಣ್ಣಿಗೆ ಸಾಯೋ ಹುಳ ಎಲ್ಲಾ ಸತ್ತು, ಸಾಯದ ಹುಳಕ್ಕ ಇಡೀ ಹೊಲ ಬಿಟ್ಟುಕೊಟ್ಟಂಗಾಗೇತಿ. ಕ್ಯಾನ್ಸರೂ ಹಂಗ. ಔಷಧ ಸ್ವಲ್ಪ ಕೊಟ್ಟು ಸ್ವಲ್ಪ ಬಿಟ್ರ, ಔಷಧಕ್ಕ ಬಗ್ಗೋ ಕಣಗಳೇ ಬಗ್ಗದ ಕಣಗಳನ್ನ ಒತ್ತಿ ಹಿಡೀತಾವ. ನನ್ನ ಗಣಿತ ಹೇಳೋದು ಇಷ್ಟ ನೋಡ್ರಿ.”

ಚಪ್ಪಾಳೆ ಬಿತ್ತು. ಅದರ ಮುಂದೆ ಇನ್ನೊಂದು ಮಾತಿತ್ತು. ಇದು ಕೆಲವು ಬಗೆಯ ಗಡ್ಡೆಗಳ ಮೇಲೆ ಇನ್ನೂ ಪರೀಕ್ಷೆಯಲ್ಲಿದೆ, ಡಾಕ್ಟರನ್ನು ಕೇಳದೆ ಯಾರೂ ಒಂದು ಗುಳಿಗೆಯನ್ನೂ ಬಿಡಬಾರದು, ಎಂಬ ಮಾತು. ಆದರೆ ಹಬ್ಬದೂಟದ ಕೊನೆಗೆ ಯಾರಾದರೂ ಕಷಾಯ ಬಡಿಸುತ್ತಾರೆಯೇ? ಚಪ್ಪಾಳೆಯ ರುಚಿ ಕೆಡಿಸುವುದು ಬೇಡವೆಂದು ಅವಳು ಆ ಮಾತನ್ನು ನುಂಗಿಕೊಂಡು ಕೈಮುಗಿದಳು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದೆ ಬಿಟ್ಟ ಮಾತೂ ಹೋಗುತ್ತದೆ, ಬೇರೆಯವರ ಜೀವ ಹಿಡಿದುಕೊಂಡು.

ಮುಂದೆ ಕೆಲವು ತಿಂಗಳಿಗೆ ರಜೆಯಲ್ಲಿ ಬಂದವಳು ಲಕ್ಕವ್ವನನ್ನು ತಪಾಸಣೆಗೆಂದು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದಳು. ಹೊರಗೆ ಬೆಂಚಿನ ಮೇಲೆ ಕೂತಾಗ ಲಕ್ಕವ್ವ ಅವಳ ತೊಡೆ ತಟ್ಟಿ ಗುಟ್ಟು ಹೇಳಿದಳು.

“ಸ್ವಲ್ಪ ಕೊಟ್ಟು ಸ್ವಲ್ಪ ಬಿಡಬೇಕು ಅಂದಿದ್ದೆಲ್ಲ, ನೀ ಹೇಳಿದಂಗ ಒಂದ್ ದಿನ ಬಿಟ್ಟು ಒಂದ್ ದಿನ ತೊಗೊಳಾಕತ್ತೇನಿ ನೋಡವ್ವ. ಹೊಟ್ಟಿ ತೊಳಸೂದು ನಿಂತೇತಿ.”

ಫರಹಾನಾ ತಟ್ಟನೆ ಅವಳ ಕಡೆ ತಿರುಗಿದಳು. “ಅಯ್ಯೋ ಕಾಕು! ನಾ ಹೇಳಿದ್ದು ನಿನ್ನ ರೋಗಕ್ಕಲ್ಲ. ನಿಂದು ದಿನಾ ತೊಗೊಳ್ಳೋ ಗುಳಿಗಿ, ಒಂದೂ ತಪ್ಪಬಾರದು...” ಎನ್ನುವಷ್ಟರಲ್ಲಿ ಒಳಗಿಂದ ಕರೆ ಬಂತು.

ಡಾಕ್ಟರ್ ಚಂದ್ರಶೇಖರಪ್ಪ ಮೊದಲು ನೋಡಿದ್ದು ಫರಹಾನಾಳನ್ನು. “ಪೇಪರಿನ್ಯಾಗ ಬಂದಿತ್ತಲ್ರಿ, ನೀವ ಹೌದಿಲ್ಲೊ? ನಮ್ಮ ಜಿಲ್ಲಾಕ್ಕ ಹೆಸರು ತಂದ್ರಿ,” ಎಂದು ಕುರ್ಚಿ ತೋರಿಸಿದರು. ಆಮೇಲೆ ರಕ್ತದ ವರದಿ ನೋಡಿ ಅವರ ಮುಖ ಬದಲಾಯಿತು.

“ತಗ್ಗಿದ್ದ ರೋಗ ಮತ್ತ ಏರೇತಲ್ಲಬೇ ಲಕ್ಕವ್ವ! ಗುಳಿಗಿ ಬಿಟ್ಟೀಯೇನು? ಯಾರ್ ಹೇಳಿದ್ರು ನಿನಗ?”

ಲಕ್ಕವ್ವ ಫರಹಾನಾಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. “ಯಾರೂ ಹೇಳಿಲ್ರಿ ಸಾಹೇಬ್ರ. ನಾನ ಮರತೇನಿ. ಸಾಲಿ ಕಲೀದಾಕಿ, ಬುದ್ಧಿ ಎಲ್ಲಿಂದ ಬರಬೇಕ್ರಿ?”

“ಇನ್ನ ದಿನಾ ತಪ್ಪದಂಗ ತೊಗೊ. ಮೂರು ತಿಂಗಳಿಗೆ ನೋಡೂಣು. ಈ ಗುಳಿಗಿಗೆ ಇನ್ನೂ ಬಗ್ಗತೈತೋ ಇಲ್ಲೋ, ಈಗ ಹೇಳಾಕ ಬರೂದಿಲ್ಲ.”

ಇಡೀ ಸಭೆಯನ್ನು ಗೆದ್ದ ಬಾಯಿಗೆ ಬೀಗ ಬಿದ್ದಿತ್ತು. ‘ನಾನು ಹೇಳಿದೆ’ ಎಂಬುದು ಎರಡೇ ಶಬ್ದ. ಡಾಕ್ಟರು ಈಗತಾನೆ ಕೊಟ್ಟ ಮರ್ಯಾದೆ ಹೋದೀತೆಂದು ಅವಳಿಗೆ ಅಷ್ಟೂ ಆಡಲಾಗಲಿಲ್ಲ. ಬೈಗುಳವನ್ನು ಕಾಕು ತಿಂದಳು, ಕುರ್ಚಿಯ ಮೇಲೆ ಇವಳು ಕೂತಿದ್ದಳು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಹೊರಗೆ ಬಂದರೆ ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಗಡಬಡಿಸಿ ಎದ್ದಳು. ಶಿರೂರಿನ ಬನಶಂಕರಿ, ಅದೇ ರೋಗ, ಅದೇ ಗುಳಿಗೆ. ಕಳೆದ ಸಲ ಇದೇ ಬೆಂಚಿನ ಮೇಲೆ ಲಕ್ಕವ್ವನ ಪಕ್ಕ ಕೂತಿದ್ದವಳು.

“ಲಕ್ಕವ್ವಕ್ಕಾರ ಫೋಟೋ ತೋರಿಸಿದ್ರು, ನೀವ ಅಲ್ರಿ?” ಎನ್ನುತ್ತಾ ಅವಳು ಫರಹಾನಾಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ಒಂದ್ ದಿನ ಬಿಟ್ಟು ತೊಗೊಂಡ ಮ್ಯಾಲ ಭಾಳ ಆರಾಮ ಐತ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಹರಕೆಗೆ ಫರಹಾನಾಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳು ಬನಶಂಕರಿಯ ಕೈ ಬಿಡದೆ ಬಾಗಿಲಿನತ್ತ ತಿರುಗಿದಳು. ಲಕ್ಕವ್ವ ಅವಳ ಸೆರಗು ಹಿಡಿದು ಜಗ್ಗಿದಳು.

“ಬ್ಯಾಡವ್ವ, ನಿನ್ನ ಹೆಸರು ಕೆಡತೈತಿ.”

“ಕೆಡಲಿ ಬಿಡು ಕಾಕು.”

ಅವಳು ಬಾಗಿಲು ದೂಡಿ ನಿಂತಲ್ಲಿಂದಲೇ ಹೇಳಿದಳು. “ಸರ್, ಕಾಕು ಮರತಿಲ್ರಿ. ನನ್ನ ಭಾಷಣ ಕೇಳಿ ಗುಳಿಗಿ ಬಿಟ್ಟಾಳ. ಈ ಅಕ್ಕಾರೂ ಬಿಟ್ಟಾರ. ತಪ್ಪು ನಂದು.”

ಡಾಕ್ಟರ ಪೆನ್ನು ನಿಂತಿತು. “ಇನ್ನಾ ಎಷ್ಟ ಮಂದಿ ಬಿಟ್ಟಾರ?” ಎಂದು ಕೇಳಿದರು.

ಗಣಿತದ ಡಾಕ್ಟರೇಟು ಎಣಿಸಲು ಹೊರಟಿತು. ಅಂದು ಸಭಾಭವನದಲ್ಲಿ ಕುರ್ಚಿ ಸಾಲದೆ ಜನ ನಿಂತು ಕೇಳಿದ್ದರು.