ಚಾವಣಿಯ ಕಿಂಡಿ

ಗಾಜಿನಮನೆಯೊಳಗೆ ಕಾಲಿಟ್ಟ ವಿಲ್ಫ್ ಸ್ಟಾಬ್ಸ್ ಮೊದಲು ತಲೆಯೆತ್ತಿ ನೋಡಿದ. ಚಾವಣಿಯ ಕಿಂಡಿ ಬೆರಳಷ್ಟು ತೆರೆದಿತ್ತು. ಹಿಂದಿನ ದಿನ ಹೆಂಡತಿ ಈನಿಡ್ ಜೊತೆ ನಾದಿನಿಯ ಮನೆಗೆ ಹೊರಡುವಾಗ ಅದನ್ನು ಮುಚ್ಚಿ ಕೊಂಡಿ ಹಾಕಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ತಾನಾಗಿ ಕಳಚಿಕೊಳ್ಳುವ ಕೊಂಡಿ ಅದಲ್ಲ.

ಅಕ್ಟೋಬರ್ ಕೊನೆಯ ಕೆಲಸಗಳು ಅರ್ಧ ಮುಗಿದಿದ್ದವು. ಗಾಜು ತೊಳೆದು ಪಾಚಿ ಕೆರೆದಿದ್ದಾಯಿತು, ಟೊಮೆಟೊ ಬಳ್ಳಿ ಕಿತ್ತು ಸುಟ್ಟಿದ್ದಾಯಿತು, ಗೋಡೆಗಳಿಗೆ ಗುಳ್ಳೆ ಪ್ಲಾಸ್ಟಿಕ್ ಹೊದಿಸಿದ್ದಾಯಿತು. ವಿದ್ಯುತ್ ಹೀಟರ್ ಕೆಟ್ಟದ್ದರಿಂದ ಈ ವರ್ಷ ಅಪ್ಪನ ಕಾಲದ ಸೀಮೆಎಣ್ಣೆ ಹೀಟರನ್ನು ಹೊರತೆಗೆದು ಹಚ್ಚಿಟ್ಟಿದ್ದ. ಇಷ್ಟೆಲ್ಲ ಮೂಲೆಯ ನಾಲ್ಕು ಕುಂಡಗಳಿಗಾಗಿ. ಅವುಗಳಲ್ಲಿ ಎದೆಮಟ್ಟಕ್ಕೆ ಬೆಳೆದ, ಈರುಳ್ಳಿ ಜಾತಿಯ ಲೀಕ್ ಗಿಡಗಳ ಹೂದಂಡುಗಳಿದ್ದವು. ಹೂ ಬೋಳಿಸಿದ ತಲೆಗಳ ಮೇಲೆ, ಕಿತ್ತು ನೆಟ್ಟರೆ ಹೊಸ ಗಿಡವಾಗುವ ಹಸಿರು ಮರಿಗಳು ಒತ್ತೊತ್ತಾಗಿ ಮೂಡಿದ್ದವು. ಊರಿನ ಗಣಿಗಾರರು ಆ ಮರಿಗಳನ್ನು ಹುಲ್ಲು ಎನ್ನುತ್ತಿದ್ದರು. ಅಪ್ಪ ಜೀವಮಾನವಿಡೀ ಆರಿಸಿ ಬೆಳೆಸಿದ ತಳಿ ಅದು. ಹೊರಗಿನ ಪಾತಿಯಲ್ಲಿದ್ದ ತಾಯಿಗಿಡಗಳು ಬೇಸಿಗೆಯಲ್ಲೇ ಕೊಳೆತುಹೋಗಿದ್ದವು. ಈ ನಾಲ್ಕು ತಲೆಗಳು ಹೋದರೆ ತಳಿಯೇ ಹೋದಂತೆ.

"ಯಾರೋ ಒಳಗೆ ಬಂದಿದ್ದಾರೆ," ಎಂದ ವಿಲ್ಫ್, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಗಾಳಿ ಇರ್ಬೇಕು," ಎಂದಳು ಈನಿಡ್.

"ಗಾಳಿಗೆ ಕೊಂಡಿ ತೆಗೆಯೋಕೆ ಬರುತ್ತಾ? ಹೆಡ್ಲಿ ಕಣೇ. ಹುಲ್ಲು ಚಳೀಲಿ ಸಾಯ್ಲಿ ಅಂತ ತೆಗೆದಿಟ್ಟು ಹೋಗಿದ್ದಾನೆ."

ನಾರ್ಮನ್ ಹೆಡ್ಲಿ ಪಕ್ಕದ ಮನೆಯವನು. ಗಣಿಯಲ್ಲಿ ವಿಲ್ಫ್ ಜೊತೆ ಒಂದೇ ಪಾಳಿಯಲ್ಲಿ ದುಡಿದವನು. ಕೆಲವು ವರ್ಷಗಳ ಹಿಂದೆ ಗಣಿಗಾರರ ಕ್ಲಬ್ಬಿನ ಲೀಕ್ ಪ್ರದರ್ಶನದ ಮುನ್ನಾದಿನ ಯಾರೋ ಹೆಡ್ಲಿಯ ಪಾತಿಗೆ ನುಗ್ಗಿ ಎಲ್ಲ ಗಿಡಗಳನ್ನೂ ಚಾಕುವಿನಿಂದ ಸೀಳಿ ಹಾಕಿದ್ದರು. ಆ ಸಲ ಬಹುಮಾನ ವಿಲ್ಫ್‌ಗೆ ಬಂತು. ಅಂದಿನಿಂದ ಕ್ಲಬ್ಬಿನಲ್ಲಿ ಅವನು ಗ್ಲಾಸು ಎತ್ತಿದರೆ ಮಾತು ಒಂದು ಕ್ಷಣ ನಿಲ್ಲುತ್ತಿತ್ತು. ಸೀಳಿದ್ದು ವಿಲ್ಫ್ ಅಲ್ಲ. ಅದನ್ನು ಹೆಡ್ಲಿ ಒಮ್ಮೆಯೂ ಕೇಳಿರಲಿಲ್ಲ, ವಿಲ್ಫ್ ಒಮ್ಮೆಯೂ ಹೇಳಿರಲಿಲ್ಲ.

ಮುಂದಿನ ವಾರ ನಾದಿನಿ ಹಾಸಿಗೆ ಹಿಡಿದಳು. ಗಂಡಹೆಂಡತಿ ಎರಡು ದಿನ ಅವಳ ಮನೆಯಲ್ಲೇ ಉಳಿಯಬೇಕಾಯಿತು. ಹೊರಡುವ ಬೆಳಿಗ್ಗೆ ಹೆಡ್ಲಿ ಬೇಲಿಯ ಮೇಲೆ ಮೊಣಕೈ ಊರಿ, ವಿಲ್ಫ್ ಕೈಯಲ್ಲಿದ್ದ ಹೊಸ ಬೀಗವನ್ನು ನೋಡುತ್ತ ನಿಂತಿದ್ದ.

"ಕೀಲಿ ಕೊಟ್ಟು ಹೋಗು ಮಾರಾಯ. ಹೀಟರ್ ನಾನು ನೋಡ್ಕೋತೀನಿ. ಚಳಿ ಜೋರಾಗುತ್ತಂತೆ."

"ನಿಂಗ್ಯಾಕೆ ನನ್ನ ಹೀಟರ್ ಚಿಂತೆ?"

"ಆ ಹಳೇ ಡಬ್ಬ ಅಲ್ವಾ, ಅದಕ್ಕೆ."

"ನಿನ್ನ ಡಬ್ಬ ನೀನು ನೋಡ್ಕೋ."

ಹೆಡ್ಲಿ ನಕ್ಕ. ಆ ನಗು ವಿಲ್ಫ್‌ಗೆ ಸೇರಲಿಲ್ಲ. ಹೀಟರಿಗೆ ಎಣ್ಣೆ ತುಂಬಿ ಹಚ್ಚಿದ. ಕಿಂಡಿಯ ಚೌಕಟ್ಟಿಗೆ ಮೊಳೆ ಹೊಡೆದು, ಮೇಲೆ ಪ್ಲಾಸ್ಟಿಕ್ ಎಳೆದು, ಅಂಚುಗಳಿಗೆಲ್ಲ ಟೇಪು ಮೆತ್ತಿದ. ಬಾಗಿಲಿನ ಸಂದಿಗಳನ್ನೂ ಬಿಡಲಿಲ್ಲ. ಕೊನೆಗೆ, ಈವರೆಗೆ ಬೀಗವೇ ಇರದಿದ್ದ ಬಾಗಿಲಿಗೆ ಹೊಸ ಬೀಗ ಜಡಿದು ಕೀಲಿಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡ.

ಮರಳಿ ಬಂದಾಗ ಹಾಕಿದ ಬೀಗ ಹಾಗೆಯೇ ಇತ್ತು, ಟೇಪು ಒಂದೆಳೆಯೂ ಎದ್ದಿರಲಿಲ್ಲ. ಗೆದ್ದೆ ಎಂದುಕೊಂಡು ಬಾಗಿಲು ಎಳೆದ. ಮಸಿಯ ಘಾಟು ಮುಖಕ್ಕೆ ಹೊಡೆಯಿತು. ಒಳಗೋಡೆಗಳೆಲ್ಲ ಕಪ್ಪಾಗಿ ನೀರು ಸುರಿಯುತ್ತಿದ್ದವು. ಹೀಟರ್ ಉಸಿರುಗಟ್ಟಿ ಆರಿಹೋಗಿತ್ತು. ನಾಲ್ಕು ತಲೆಗಳ ಮೇಲಿನ ಹುಲ್ಲು ಕಪ್ಪು ಲೋಳೆಯಾಗಿ ಬೆರಳಿಗೆ ಅಂಟಿಕೊಂಡು ಬಂತು.

ವಿಲ್ಫ್ ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕುಸಿದು ಕುಳಿತ.

"ಗಣೀಲಿ ದೀಪದ ಜ್ವಾಲೆ ಕುಗ್ಗಿದ್ರೆ ಎಲ್ರಿಗಿಂತ ಮುಂಚೆ ಓಡ್ತಿದ್ದೋನು ನೀನು," ಎಂದಿತು ಹಿಂದಿನಿಂದ ಹೆಡ್ಲಿಯ ದನಿ. "ಹೀಟರಿಗೂ ಗಾಳಿ ಬೇಕು ಅಂತ ನಿಂಗೆ ನಾನು ಹೇಳಿಕೊಡ್ಬೇಕಾ?"

ವಿಲ್ಫ್ ತಿರುಗಿದ. "ಅವತ್ತು ಕಿಂಡಿ ತೆಗೆದಿದ್ದು ನೀನೇ."

"ನಾನೇ. ಜ್ವಾಲೆ ಏದುಸಿರು ಬಿಡ್ತಿತ್ತು."

"ಒಳಗೆ ಯಾಕೆ ಬಂದಿದ್ದೆ?"

ಹೆಡ್ಲಿ ಮನೆಗೆ ಹೋಗಿ ಒಂದು ತಟ್ಟೆ ಹಿಡಿದು ಬಂದ. ಮರಳು ಬೆರೆಸಿದ ಮಣ್ಣಿನಲ್ಲಿ ಸಾಲಾಗಿ ಹಸಿರು ಮರಿಗಳು, ದಾರದಷ್ಟು ತೆಳ್ಳಗೆ, ನೆಟ್ಟಗೆ ನಿಂತಿದ್ದವು. ಬುಡ ನೋಡಿ ತಳಿ ಗುರುತಿಸಲು ವಿಲ್ಫ್‌ಗೆ ಕನ್ನಡಕ ಬೇಕಾಗಲಿಲ್ಲ. ಅಪ್ಪನ ತಳಿ.

"ಕದ್ದೆ!"

"ಹೂಂ, ಕದ್ದೆ. ನಾಲ್ಕು ತಲೆಯಿಂದ ಒಂದೊಂದು ಚಿಟಿಕೆ ಕಿತ್ಕೊಂಡೆ. ನನ್ನ ಪಾತಿ ಸೀಳಿದ್ದಕ್ಕೆ ಇದಾದ್ರೂ ಇರ್ಲಿ ಅಂತ."

"ಸೀಳಿದ್ದು ನಾನಲ್ಲ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಕೇಳಿದ್ಯಾ ನೀನು?"

ನಂಬಿದನೋ ಇಲ್ಲವೋ, ಹೆಡ್ಲಿ ತಟ್ಟೆಯನ್ನು ಮುಂದೆ ಚಾಚಿದ. "ಇದು ನಿಂಗೆ. ಇನ್ನೊಂದು ತಟ್ಟೆ ನಂದು, ಅದನ್ನ ಕೇಳ್ಬೇಡ."

ವಿಲ್ಫ್ ತಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದು ಒಂದೊಂದೇ ಮರಿಯನ್ನು ಪರೀಕ್ಷಿಸಿದ.

"ದಪ್ಪಗಿರೋದನ್ನೆಲ್ಲ ನೀನೇ ಇಟ್ಕೊಂಡಿದೀಯ."

"ಮತ್ತೆ? ಕಳ್ಳತನ ಪುಕ್ಕಟೆ ಮಾಡ್ತಾರಾ?"

ವಿಲ್ಫ್ ತಟ್ಟೆಯನ್ನು ಎದೆಗವಚಿಕೊಂಡು ಅಡುಗೆಮನೆಗೆ ಒಯ್ದು ಕಿಟಕಿಯ ಬಳಿ ಇಟ್ಟ. ಕಿಟಕಿಯ ಕೊಂಡಿಯನ್ನು ಎರಡು ಸಲ ಎಳೆದು ನೋಡಿದ. ಆಮೇಲೆ ಇಕ್ಕಳ ಹುಡುಕಿಕೊಂಡು ಗಾಜಿನಮನೆಗೆ ಹೋಗಿ, ಕಿಂಡಿಗೆ ತಾನೇ ಹೊಡೆದಿದ್ದ ಮೊಳೆಗಳನ್ನು ಕೀಳತೊಡಗಿದ.