ಹೊಲ ಯಾರದೆಂದು ಕೇಳಿದರೆ

ನನ್ನ ಗಂಡ ಗಾದಿಲಿಂಗಪ್ಪನಿಗೆ ಎಂಟು ದಿನ ಕೂತು ಒಂದೇ ಒಂದು ಮಾತು ಕಲಿಸಿದೆ. 'ಹೊಲ ಯಾರದು?' ಅಂತ ಕೇಳಿದರೆ 'ನಂದು' ಅನ್ನಬೇಕು. ಅಷ್ಟೇ. ಗಿಳಿಯಾಗಿದ್ದರೆ ಎರಡು ದಿನದಲ್ಲಿ ಕಲಿತಿರುತ್ತಿತ್ತು.

ಇದು ಎಪ್ಪತ್ತಾರನೇ ಇಸವಿಯ ಮಾತು. ಕಂಪ್ಲಿಯ ಹತ್ತಿರ ಕಾಲುವೆಯ ಕೆಳಗೆ ನಾಲ್ಕು ಎಕರೆ ಗದ್ದೆಯನ್ನು ನಮ್ಮ ಮಾವನ ಕಾಲದಿಂದಲೂ ಗೇಣಿಗೆ ಮಾಡುತ್ತಿದ್ದೆವು. ಟಿ.ಬಿ. ಡ್ಯಾಂ ನೀರು ಬರುವ ಮೊದಲು ಅದು ಬರೀ ಜಾಲಿ ಬೆಳೆದ ಬೀಳು. ಜಾಲಿ ಕಡಿದವರು ನಾವು, ಕಲ್ಲು ಕಿತ್ತವರು ನಾವು, ಬದು ಹಾಕಿದವರು ನಾವು. ಕಾಗದದಲ್ಲಿ ಮಾತ್ರ ಅದು ರೈಸ್ ಮಿಲ್ಲಿನ ಹಾಲಸ್ವಾಮಿ ಧಣಿಗಳದು.

ಉಳುವವನಿಗೇ ಭೂಮಿ ಎಂದು ಸರಕಾರ ಕಾಯಿದೆ ಮಾಡಿದಾಗ ನಾವೂ ಫಾರಂ ನಂಬರ್ ಏಳು ಹಾಕಿದೆವು. 'ಈ ಭೂಮಿಯನ್ನು ನಾನೇ ಸಾಗುವಳಿ ಮಾಡುತ್ತಿದ್ದೇನೆಂದು ಘೋಷಿಸುತ್ತೇನೆ' ಎಂದು ಶಾಲೆಯ ಮೇಷ್ಟ್ರು ಓದಿ ಹೇಳಿದರು, ಗಾದಿಲಿಂಗಪ್ಪ ಹೆಬ್ಬೆಟ್ಟು ಒತ್ತಿದ. ಹೆಬ್ಬೆಟ್ಟಿಗೇನು ಬಿಡಿ, ಅದಕ್ಕೆ ಬಾಯಿಲ್ಲ. ಧಣಿ ತಕರಾರು ಹಾಕಿದರು: 'ಆತ ಗೇಣಿದಾರ ಅಲ್ಲ, ನನ್ನ ಕೂಲಿ ಆಳು.' ನಮ್ಮ ಹತ್ತಿರ ಗೇಣಿಯ ಚೀಟಿ ಎಲ್ಲಿತ್ತು? ಎಲ್ಲಾ ಬಾಯಿಮಾತಿನ ಮೇಲೆ ನಡೆದದ್ದು. ಇನ್ನು ಹೊಸಪೇಟೆಯ ಭೂ ನ್ಯಾಯಮಂಡಳಿಯ ಮುಂದೆ ಬಾಯಿಬಿಟ್ಟು ಹೇಳಿದರೆ ಹೊಲ ಉಂಟು, ಇಲ್ಲದಿದ್ದರೆ ಇಲ್ಲ.

ಆ ಬಾಯಿಯೇ ನನ್ನ ಗಂಡನಿಗೆ ಬರುತ್ತಿರಲಿಲ್ಲ. ಅವನು ಮೀಸೆ ಮೂಡುವ ವಯಸ್ಸಿನವನಿದ್ದಾಗ ಕಣದಲ್ಲಿ ಅವರಪ್ಪ ಯಾರಿಗೋ 'ನಮ್ಮ ಹೊಲದ ಭತ್ತ' ಅಂದುಬಿಟ್ಟನಂತೆ. ಹಾಲಸ್ವಾಮಿಯ ಅಪ್ಪ ಕಾಲಿನ ಚಪ್ಪಲಿ ತೆಗೆದು ಎಲ್ಲರ ಮುಂದೆ ಹೊಡೆದ. ಅವತ್ತಿನಿಂದ ಅಪ್ಪ, ಮಗ ಇಬ್ಬರ ಬಾಯಲ್ಲೂ ಅದು 'ಧಣ್ಯಾರ ಹೊಲ'. ಆದರೂ ನಾನು ಬಿಡಲಿಲ್ಲ. ಎತ್ತುಗಳ ಮುಂದೆ 'ನಂದು' ಅಂದ, ಬೆದರುಬೊಂಬೆಯ ಮುಂದೆ ಜೋರಾಗಿಯೇ ಅಂದ, ಹೊಸಪೇಟೆಯ ಬಸ್ಸಿನಲ್ಲಿ ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ ಅಂದ. ಸಾಕಪ್ಪಾ, ಗೆದ್ದೆವು ಅಂದುಕೊಂಡೆ.

ತಾಲೂಕು ಕಚೇರಿಯಲ್ಲಿ ನಮ್ಮ ಹೆಸರು ಕೂಗಿದರು. ಗಾದಿಲಿಂಗಪ್ಪ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದ. ನಾನು ಬಾಗಿಲಲ್ಲಿ ನಿಂತೆ. ಮೇಜಿನ ಹಿಂದೆ ಮಂಡಳಿಗೆ ಅಧ್ಯಕ್ಷರಾಗಿದ್ದ ಎ.ಸಿ. ಸಾಹೇಬರು, ಪಕ್ಕದಲ್ಲಿ ಮೆಂಬರುಗಳು. ಹಾಲಸ್ವಾಮಿ ಧಣಿ ಒಳಗೆ ಬಂದದ್ದೇ ತಡ, ನನ್ನ ಗಂಡನ ಹೆಗಲ ಮೇಲಿನ ಟವೆಲ್ ತಾನೇ ಜಾರಿ ಕಂಕುಳಿಗೆ ಬಂತು. ಅಯ್ಯೋ, ಕೆಟ್ಟಿತು ಅನ್ನಿಸಿತು ನನಗೆ.

"ಈ ಹೊಲ ಯಾರದಪ್ಪ?" ಎಂದರು ಸಾಹೇಬರು.

"ಧಣ್ಯಾರದ್ರಿ."

ಬರೆಯುವವನು ಬರೆದುಕೊಂಡೇಬಿಟ್ಟ. ಹಾಲಸ್ವಾಮಿ ಮೆಲ್ಲಗೆ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಕೈಯಲ್ಲಿ ಚಪ್ಪಲಿ ಹಿಡಿದುಕೊಂಡೇ ಒಳಗೆ ನುಗ್ಗಿದೆ. ಜವಾನ ಅಡ್ಡ ಬಂದವನು ಚಪ್ಪಲಿ ನೋಡಿ ಸರಿದ.

"ಸಾಹೇಬ್ರ, ಅದನ್ನ ಬರ್ಕೋಬ್ಯಾಡ್ರಿ! ಅದು ರೂಢಿ ಮಾತ್ರಿ. ನಮ್ಮ ಎತ್ತು ಯಾರ್ದು ಅಂತ ಕೇಳ್ರಿ, ಧಣ್ಯಾರದ್ರಿ ಅಂತಾನ. ನನ್ನ ಮಗಳು ಯಾರಕಿ ಅಂತ ಕೇಳ್ರಿ, ನಿಮ್ಮಕೀನ ರೀ ಅಂತಾನ. ಹಂಗಂತ ಆಕಿನ್ನೂ ಧಣ್ಯಾರ ಹೆಸರಿಗೆ ಬರದ್ಬಿಡ್ತೀರೇನ್ರಿ?"

ಮೆಂಬರುಗಳು ನಕ್ಕರು. ಸಾಹೇಬರು ನಗಲಿಲ್ಲ. "ನೀ ಯಾರಮ್ಮ?" ಎಂದರು.

"ಹೊನ್ನೂರಮ್ಮ. ಈತನ ಹೇಣ್ತಿ. ಆ ಹೊಲ್ದಾಗ ಇಪ್ಪತ್ತು ವರ್ಷ ನಾಟಿ ಹಚ್ಚೀನ್ರಿ."

ಸಾಹೇಬರು ಧಣಿಯ ಕಡೆ ತಿರುಗಿದರು. "ನೀವೇ ಸಾಗುವಳಿ ಮಾಡ್ತೀರಾ?"

"ಹೌದ್ರಿ. ನಾನ ಮುಂದ ನಿಂತು ಮಾಡಸ್ತೀನಿ."

"ಸರಿ, ಗುರುವಾರ ಜಾಗಕ್ಕೆ ಬಂದು ನೋಡ್ತೇವೆ."

ಮನೆಗೆ ಬಂದು ನಾನು ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ಅವನೂ ಉಣ್ಣಲಿಲ್ಲ. ಮೂರನೇ ದಿನ, "ಅವ್ರ ಮುಖ ನೋಡಿದ ಕೂಡ್ಲೆ ನಮ್ಮಪ್ಪ ಕಣದಾಗ ನಿಂತಂಗಾತು, ಹೊನ್ನೂರಿ" ಅಂದ.  ಅನ್ನ ಬಡಿಸಿದೆ.

ಗುರುವಾರ ಬೆಳಿಗ್ಗೆ ಜೀಪು ಕಾಲುವೆ ಏರಿಯ ಮೇಲೆ ನಿಂತಿತು. ಕೆಳಗೆ ಕಣ್ಣು ಹಾಯುವವರೆಗೂ ಭತ್ತ, ಎಲ್ಲಾ ಒಂದೇ ಹಸಿರು. ಧಣಿ ಬಿಳಿ ಪಂಚೆಯಲ್ಲಿ ಇಳಿದರು. "ನಡೀರಿ, ನಿಮ್ಮ ಹೊಲ ತೋರಿಸಿ" ಎಂದರು ಸಾಹೇಬರು.

ನಮ್ಮ ಕಡೆ ಧಣಿಗಳು ಹೊಲಕ್ಕೆ ಇಳಿದರೆ ಆಳು ಮುಂದೆ ನಡೆಯಬೇಕು. ಬದು ಎಲ್ಲಿ ಜಾರುತ್ತದೆ, ಹಾವು ಎಲ್ಲಿದೆ ಎಂದು ಅವನು ಮೊದಲು ನೋಡಬೇಕು. ಅದು ಅವರ ರೂಢಿ. ಹಾಲಸ್ವಾಮಿ ಯೋಚನೆಯನ್ನೇ ಮಾಡದೆ ಕೂಗಿದರು:

"ಲೇ ಗಾದಿಲಿಂಗ, ಮುಂದ ನಡಿಯೋ. ನಮ್ಮ ಹೊಲ ಎಲ್ಲೈತಿ ತೋರ್ಸು."

ಸಾಹೇಬರು ನಿಂತುಬಿಟ್ಟರು. "ಅವನು ಹಿಂದೆ ಬರಲಿ. ನೀವು ಮುಂದೆ ನಡೀರಿ, ಸ್ವಾಮಿ."

ಧಣಿಗೆ ಬೇರೆ ದಾರಿ ಇರಲಿಲ್ಲ. ಪಂಚೆ ಎತ್ತಿ ಹಿಡಿದು ನಡೆದರು. ಎರಡು ತೂಬು ದಾಟಿದರು, ನಮ್ಮ ಗದ್ದೆಯನ್ನೂ ದಾಟಿದರು. ನಾನು ಸೆರಗು ಬಾಯಿಗೆ ಒತ್ತಿ ಹಿಡಿದೆ. ಕೊನೆಗೆ ಒಂದು ಬದುವಿನ ಮೇಲೆ ನಿಂತು, "ಇದ ನೋಡ್ರಿ ನಮ್ಮ ಹೊಲ" ಎಂದರು.

ಆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಓಬಳೇಶ ತಲೆಯೆತ್ತಿದ. "ಇದು ನಂದ್ರಿ ಧಣ್ಯಾರ. ನಿಮ್ದು ಹಿಂದ ಉಳೀತು."

ಧಣಿ ಗಡಬಡಿಸಿ ತಿರುಗಿದರು. ಕಾಲು ಕೆಸರಿಗೆ ಇಳಿಯಿತು, ಹೊರಗೆ ಬಂದದ್ದು ಬರಿಗಾಲು. ಚಪ್ಪಲಿ ಒಳಗೇ ಉಳಿಯಿತು.

"ಈಗ ನೀನು ತೋರಿಸಪ್ಪ" ಎಂದರು ಸಾಹೇಬರು.

ಗಾದಿಲಿಂಗಪ್ಪ ನಡೆದ. ನಾಲ್ಕೂ ಮೂಲೆ ತೋರಿಸಿದ. ನೀರು ಎಲ್ಲಿ ಹೊಕ್ಕು ಎಲ್ಲಿ ಹೊರಗೆ ಬೀಳುತ್ತದೆ, ಯಾವ ಮಡಿಯಲ್ಲಿ ಸವುಳು ಎದ್ದಿದೆ, ಅವರಪ್ಪ ಕಿತ್ತ ಕಲ್ಲುಗಳ ಗುಡ್ಡೆ ಎಲ್ಲಿದೆ, ಎಲ್ಲಾ ಹೇಳಿದ. ಇಷ್ಟು ವರ್ಷ ಒಳಗಿದ್ದ ಮಾತೆಲ್ಲ ಒಂದೇ ಸಲ ಹೊರಗೆ ಬಂತು. ಮೆಂಬರೊಬ್ಬರು ಸಾಕು ಅಂದರೂ ನಿಲ್ಲಿಸಲಿಲ್ಲ.

"ಹಾಗಾದರೆ ಹೇಳು, ಹೊಲ ಯಾರದು?"

 ಧಣಿ ಒಂಟಿ ಚಪ್ಪಲಿಯಲ್ಲಿ ಆ ಕೆಸರಿನ ಪಕ್ಕದ ಬದುವಿನ ಮೇಲೆಯೇ ನಿಂತು ಅವನನ್ನೇ ನೋಡುತ್ತಿದ್ದರು. ನನ್ನ ಗಂಡ ಸೀದಾ ಅವರ ಹತ್ತಿರ ಹೋದ. ಬಗ್ಗಿ, ಕೆಸರಿಗೆ ಕೈ ಹಾಕಿ ಚಪ್ಪಲಿ ಕಿತ್ತು, ಗದ್ದೆಯ ನೀರಿನಲ್ಲಿ ತೊಳೆದು ಅವರ ಮುಂದಿಟ್ಟ.  ಮುಗೀತು ಅಂದುಕೊಂಡೆ. ಆಮೇಲೆ ಎದ್ದು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿಯ ಕಡೆಯೇ ನೋಡುತ್ತಾ ಹೇಳಿದ:

"ಹೊಲ ನಂದ್ರಿ."

ನಾನು ಬದುವಿನ ಮೇಲೆ ಕುಕ್ಕರಿಸಿ ಗೊಳೋ ಎಂದು ಅತ್ತೆ. ನಾಚಿಕೆಯೇನಿಲ್ಲ ಹೇಳಿಕೊಳ್ಳಲು.

ಎರಡು ತಿಂಗಳಿಗೆ ಆದೇಶ ಬಂತು. ನಾಲ್ಕು ಎಕರೆಯೂ ನಮಗಾಯಿತು. ಪಹಣಿಯಲ್ಲಿ ಹೆಸರು ಗಾದಿಲಿಂಗಪ್ಪ, ತಂದೆ ಭರಮಣ್ಣ. ಸಂತೋಷಕ್ಕೆ ಹೋಳಿಗೆ ಮಾಡಿದ್ದೆ. ತಟ್ಟೆಗೆ ಬಡಿಸುತ್ತಾ ತಮಾಷೆಗೆ ಕೇಳಿದೆ: "ಹೊಲ ಯಾರ್ದು?"

"ನಂದು" ಅಂದ. ತಡವರಿಸಲಿಲ್ಲ. ಬಾಯಲ್ಲಿ ಹೋಳಿಗೆ ಇತ್ತು, ಆದರೂ ಸ್ಪಷ್ಟವಾಗಿತ್ತು.

ಎರಡನೇ ಹೋಳಿಗೆ ನನ್ನ ಕೈಯಲ್ಲೇ ನಿಂತಿತು. ಎಲಾ ಇವನ! ಎಂಟು ದಿನ ಕಲಿಸಿದವಳು ನಾನು, ಚಪ್ಪಲಿ ಹಿಡಿದುಕೊಂಡು ನುಗ್ಗಿದವಳು ನಾನು, ಇಪ್ಪತ್ತು ವರ್ಷ ಸೊಂಟ ಬಗ್ಗಿಸಿ ನಾಟಿ ಹಚ್ಚಿದವಳು ನಾನು. ಹೋಳಿಗೆಯನ್ನು ಬುಟ್ಟಿಗೆ ವಾಪಸ್ ಹಾಕಿ ಅವನೆದುರಿಗೆ ಕೂತೆ.

"ಇನ್ನೊಮ್ಮೆ ಹೇಳು ನೋಡಾಣ" ಅಂದೆ. "ಹೊಲ ಯಾರ್ದು?"

ಪಹಣಿಯಲ್ಲಿ ನನ್ನ ಹೆಸರೂ ಸೇರಲು ಹನ್ನೊಂದು ವರ್ಷ ಬೇಕಾಯಿತು.